ಗಾಯದಿಂದ ಮರಳಿದ ಎಳೆಯ ವೇಗದ ಬೌಲರ್‌ಗೆ ಎಷ್ಟು ಓವರ್ ಕೊಡಬೇಕು?

ಪ್ರಶ್ನೆ: ನಮ್ಮ ಕ್ಲಬ್ಬಿನ ವೇಗದ ಬೌಲರ್‌ಗೆ ಈಗ 17 ವರ್ಷ. ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಬೀಳುವ ಒತ್ತಡದಿಂದಾಗುವ ಸಣ್ಣ ಬಿರುಕು) ಆಗಿದೆಯೆಂದು ಏಳು ತಿಂಗಳು ಆಟ ಬಿಡಿಸಿದ್ದೆವು. ಈಗ ನೋವಿಲ್ಲ, ಬೌಲಿಂಗ್ ಶುರು ಮಾಡಬಹುದೆಂದು ವೈದ್ಯರೂ ಹೇಳಿದ್ದಾರೆ. ಇನ್ನೆರಡು ತಿಂಗಳಿಗೆ ಲೀಗ್ ಪಂದ್ಯಗಳು ಆರಂಭವಾಗುತ್ತವೆ. ಅವನನ್ನು ತಂಡ ಹೇಗೆ ಬಳಸಿಕೊಳ್ಳಬೇಕು? ಫೈನಲ್ ತಲುಪಿದರೆ ಪೂರ್ತಿ ಹತ್ತು ಓವರ್ ಹಾಕಿಸಬಹುದೇ? (ಕ್ಲಬ್ ತರಬೇತುದಾರರೊಬ್ಬರು, ದಾವಣಗೆರೆ)

ಉತ್ತರ: ಪರೀಕ್ಷೆ ಮುಗಿದು ಬೇಸಿಗೆ ಶಿಬಿರಗಳು ಶುರುವಾಗುವ ಹೊತ್ತಿಗೆ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ತಂದೆತಾಯಿಗಳೂ ತಂಡದ ನಾಯಕರೂ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ಆದ್ದರಿಂದ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಫೈನಲ್ ಎಂಬ ಒಂದೇ ಕಾರಣಕ್ಕೆ ಹತ್ತು ಓವರ್ ಹಾಕಿಸಕೂಡದು. ಆ ದಿನ ಅವನು ಎಷ್ಟು ಎಸೆತ ಹಾಕಬಹುದೆಂಬುದನ್ನು ಹಿಂದಿನ ನಾಲ್ಕು ವಾರಗಳಲ್ಲಿ ಅವನು ಹಾಕಿದ ಎಸೆತಗಳೇ ನಿರ್ಧರಿಸಬೇಕು. ಆ ಸಂಖ್ಯೆ ಪಂದ್ಯಕ್ಕೆ ಮೊದಲೇ ತೀರ್ಮಾನವಾಗಿರಬೇಕು, ಮೈದಾನದಲ್ಲಿ ಅದನ್ನು ಬದಲಿಸುವ ಅಧಿಕಾರ ನಾಯಕನಿಗೂ ಇರಬಾರದು, ಹುಡುಗನಿಗಂತೂ ಇರಲೇಬಾರದು.

ಹೀಗೆ ಕಟ್ಟುನಿಟ್ಟಾಗಿ ಹೇಳಲು ಕಾರಣ ಆ ಮೂಳೆಯ ಸ್ವಭಾವ. ವೇಗದ ಬೌಲರ್ ಚೆಂಡು ಬಿಡುವ ಹೊತ್ತಿನಲ್ಲಿ ಅವನ ಮುಂಗಾಲು ನೆಲಕ್ಕೆ ಅಪ್ಪಳಿಸುತ್ತದೆ, ದೇಹದ ತೂಕದ ಐದಾರು ಪಟ್ಟು ಭಾರ ಆ ಒಂದು ಕಾಲಿನ ಮೂಲಕ ಮೇಲಕ್ಕೆ ಬರುತ್ತದೆ, ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುತ್ತದೆ. ಈ ಮೂರೂ ಚಲನೆಗಳ ಒತ್ತಡ ಬಂದು ಬೀಳುವುದು ಕೆಳಬೆನ್ನಿನ ಕಶೇರುಕದ ಹಿಂಭಾಗದಲ್ಲಿರುವ ಕಿರಿದಾದ ಮೂಳೆಯ ಸೇತುವೆಯೊಂದರ ಮೇಲೆ. ಬಲಗೈ ಬೌಲರ್‌ಗಳಲ್ಲಿ ಬಿರುಕು ಸಾಮಾನ್ಯವಾಗಿ ಎಡಬದಿಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಹದಿನೇಳರ ಹುಡುಗ ಆರು ಅಡಿ ಬೆಳೆದಿದ್ದರೂ ಅವನ ಬೆನ್ನುಮೂಳೆ ಪೂರ್ಣ ಗಟ್ಟಿಯಾಗಲು ಇನ್ನೂ ಹಲವು ವರ್ಷ ಬೇಕು. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐ ಮಾಡಿಸಿದಾಗಷ್ಟೇ ಗೊತ್ತಾಗುವುದೂ ಉಂಟು.

ನಮ್ಮನ್ನು ಮೋಸಗೊಳಿಸುವುದು ಎರಡು ಸಂಗತಿಗಳು. ಮೂಳೆ ಕೂಡಿಕೊಳ್ಳುವುದಕ್ಕೆ ಬಹಳ ಮೊದಲೇ ನೋವು ಹೋಗಿರುತ್ತದೆ. ಇನ್ನೊಂದು, ಏಳು ತಿಂಗಳು ವ್ಯಾಯಾಮವನ್ನಷ್ಟೇ ಮಾಡಿಕೊಂಡಿದ್ದ ಹುಡುಗ ಮೊದಲಿಗಿಂತ ದಷ್ಟಪುಷ್ಟನಾಗಿ ಕಾಣುತ್ತಾನೆ, ನೆಟ್ಸ್‌ನಲ್ಲಿ ಮೊದಲ ದಿನವೇ ಹಳೆಯ ವೇಗದಲ್ಲಿ ಚೆಂಡು ಬಿಡಬಲ್ಲ. ಸ್ನಾಯು ಆರು ವಾರದಲ್ಲಿ ಗಳಿಸಿದ ಶಕ್ತಿಯನ್ನು ತಾಳಿಕೊಳ್ಳಲು ಮೂಳೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕಾಗುತ್ತದೆ. ವೈದ್ಯರು ಕೊಟ್ಟಿರುವುದು ಬೌಲಿಂಗನ್ನು ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಆರಂಭಿಸಲು ಅನುಮತಿಯೇ ಹೊರತು, ಲೀಗ್ ಪಂದ್ಯಕ್ಕೆ ಇಳಿಯಲು ಅಲ್ಲ.

ನಿಮ್ಮ ಕೈಯಲ್ಲಿ ಎಂಟು ವಾರಗಳಿವೆ ಎಂದಿಟ್ಟುಕೊಳ್ಳೋಣ. ನಾನು ಅನುಸರಿಸುವ ಕ್ರಮ ಹೀಗಿದೆ, ಇದನ್ನು ನಿಮ್ಮ ವೈದ್ಯರಿಗೆ ಅಥವಾ ಫಿಸಿಯೊಗೆ ತೋರಿಸಿ ಅವರು ಒಪ್ಪಿದ ಮೇಲೆ ಹಿಡಿಯಿರಿ. ಮೊದಲ ವಾರಗಳಲ್ಲಿ ದಿನ ಬಿಟ್ಟು ದಿನ, ನಾಲ್ಕೈದು ಹೆಜ್ಜೆಯ ಓಟದಿಂದ, ಅರ್ಧ ವೇಗದಲ್ಲಿ 18 ಎಸೆತ, ಅಂದರೆ ವಾರಕ್ಕೆ 54. ಮೈ ಅದಕ್ಕೆ ಹೊಂದಿಕೊಂಡ ಮೇಲೆ ಎಸೆತಗಳನ್ನಾಗಲಿ, ಓಟದ ಉದ್ದವನ್ನಾಗಲಿ, ವೇಗವನ್ನಾಗಲಿ ಹೆಚ್ಚಿಸಬಹುದು, ಆದರೆ ಒಂದು ವಾರದಲ್ಲಿ ಈ ಮೂರರಲ್ಲಿ ಒಂದನ್ನು ಮಾತ್ರ. ಎಸೆತ ಹೆಚ್ಚಿಸುವ ವಾರದಲ್ಲೂ ಹಿಂದಿನ ವಾರಕ್ಕಿಂತ ಮೂರು ಓವರಿಗೆ ಮಿಗಿಲಾಗಿ ಏರಿಸುವುದಿಲ್ಲ. ಹೀಗೆ ನಡೆದರೆ ಕೊನೆಯ ನಾಲ್ಕು ವಾರಗಳು 72, 90, 90, 108 ಎಸೆತಗಳಾಗಿ, ಸರಾಸರಿ ವಾರಕ್ಕೆ 90 ಆಗುತ್ತದೆ.

ಒಂಬತ್ತನೆಯ ವಾರ ಲೀಗ್ ಶುರು. ಮಂಗಳವಾರ ನೆಟ್ಸ್‌ನಲ್ಲಿ ಎಂಟು ಓವರ್ ಹಾಕಿದ, ಅದು 48. ಶನಿವಾರ ಸಂಜೆ ಗೆಳೆಯರು ಕರೆದರೆಂದು ಟೆನಿಸ್ ಬಾಲ್ ಪಂದ್ಯದಲ್ಲಿ ನಾಲ್ಕು ಓವರ್, ಅದು 24. ಭಾನುವಾರ ಪಂದ್ಯಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳಲು 12, ಪಂದ್ಯದಲ್ಲಿ ಹತ್ತು ಓವರಿನ 60. ಸ್ಕೋರ್ ಪುಸ್ತಕದಲ್ಲಿ ಬರೆದಿರುವುದು 60, ಅವನ ಬೆನ್ನು ಹೊತ್ತಿರುವುದು 144. ನಾಲ್ಕು ವಾರದ ಸರಾಸರಿಯ ಒಂದೂವರೆ ಪಟ್ಟಿಗೂ ಮೇಲೆ ಒಮ್ಮೆಗೇ ಹಾರಿದಂತಾಯಿತು. ಈ ಅನುಪಾತದ ಲೆಕ್ಕಾಚಾರವನ್ನು ಕ್ರೀಡಾ ವಿಜ್ಞಾನದಲ್ಲಿ ಒಪ್ಪದವರೂ ಇದ್ದಾರೆ. ಆದರೂ ಇಂಥ ಹಠಾತ್ ಏರಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡಲು, ಒಂದು ನೋಟ್‌ಬುಕ್ಕು ಮತ್ತು ಪೆನ್ನಿನಲ್ಲಿ ಆಗುವ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ವೈಡ್, ನೋಬಾಲ್‌ಗಳನ್ನೂ ಸೇರಿಸಿ ಬರೆಯಬೇಕು, ಏಕೆಂದರೆ ಅಂಪೈರ್ ಲೆಕ್ಕಕ್ಕೆ ಹಿಡಿಯದ ಎಸೆತವನ್ನೂ ಬೆನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ಟೆನಿಸ್ ಬಾಲ್ ವಿಷಯವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ನಮ್ಮ ಊರಿನ ಹುಡುಗರಿಗೆ ಹೈಸ್ಕೂಲ್ ಮೈದಾನದ ಹೊನಲು ಬೆಳಕಿನ ಟೂರ್ನಿ ಎಂದರೆ ಹಬ್ಬ, ಅಲ್ಲಿ ಆಡಬೇಡವೆಂದು ಹೇಳುವುದು ನನಗೂ ಕಷ್ಟ. ಚೆಂಡು ಹಗುರವಲ್ಲವೇ, ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಬೆನ್ನಿಗೆ ಪೆಟ್ಟು ಬೀಳುವುದು ಚೆಂಡಿನ ತೂಕದಿಂದಲ್ಲ, ಮುಂಗಾಲು ನೆಲಕ್ಕಿಳಿಯುವ ರೀತಿಯಿಂದ. ಹಗುರ ಚೆಂಡಿಗೆ ವೇಗ ತರಲು ಹುಡುಗರು ಮೈಯನ್ನು ಇನ್ನಷ್ಟು ಜೋರಾಗಿ ತಿರುಚುತ್ತಾರೆ, ಗಟ್ಟಿ ನೆಲದ ಮೇಲೆ ಮಾಮೂಲಿ ಶೂ ಹಾಕಿಕೊಂಡು ಓಡುತ್ತಾರೆ. ಈ ಓವರ್‌ಗಳು ಯಾವ ಕ್ಲಬ್ಬಿನ ಪುಸ್ತಕಕ್ಕೂ ಬರುವುದಿಲ್ಲ. ಮರಳಿದ ಮೊದಲ ವರ್ಷ ಅವನು ಅಲ್ಲಿ ಬ್ಯಾಟಿಂಗ್ ಮಾಡಲಿ, ಬೌಲಿಂಗ್ ಬೇಡ.

ಗಾಯದಿಂದ ಎದ್ದು ಬಂದ ಯುವಕನನ್ನು ತಂಡ ಹೇಗೆ ಬಳಸಬೇಕೆಂಬ ಬಗ್ಗೆ ಅತಿ ಹೆಚ್ಚು ಜಗಳ ನಡೆದಿರುವುದು ಕ್ರಿಕೆಟ್‌ನಲ್ಲಲ್ಲ, ಅಮೆರಿಕದ ಬೇಸ್‌ಬಾಲ್‌ನಲ್ಲಿ. ಬ್ಯಾಟರ್‌ಗೆ ಚೆಂಡು ಎಸೆಯುವ ಅಲ್ಲಿಯ ಪಿಚರ್ ನಮ್ಮ ವೇಗದ ಬೌಲರ್‌ನ ಸೋದರನಿದ್ದಂತೆ, ಗಾಯವಾಗುವುದು ಮಾತ್ರ ಬೆನ್ನಿಗಿಂತ ಹೆಚ್ಚಾಗಿ ಮೊಣಕೈಯ ಒಳಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜುವಿಗೆ (ಲಿಗಮೆಂಟ್). 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಆ ರಜ್ಜುವನ್ನು ಬೇರೆ ಕಡೆಯ ಸ್ನಾಯುರಜ್ಜುವಿನಿಂದ ಮರುಜೋಡಿಸುವವರೆಗೆ ಅದು ವೃತ್ತಿಜೀವನವನ್ನೇ ಮುಗಿಸುವ ಗಾಯವಾಗಿತ್ತು. ಜಾನ್ 1976ರಲ್ಲಿ ಮರಳಿ 1989ರವರೆಗೆ ಆಡಿದರು, ಶಸ್ತ್ರಚಿಕಿತ್ಸೆಗೆ ಅವರ ಹೆಸರೇ ನಿಂತಿತು.

ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಸ್ಟೀಫನ್ ಸ್ಟ್ರಾಸ್‌ಬರ್ಗ್ 2010ರ ಜೂನ್‌ನಲ್ಲಿ ಮೊದಲ ಪಂದ್ಯದಲ್ಲೇ 14 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ ದೇಶವನ್ನೇ ಬೆರಗುಗೊಳಿಸಿದವರು, ಅದೇ ವರ್ಷ ಅವರಿಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. 2012ರಲ್ಲಿ ಪೂರ್ಣ ಋತುವಿಗೆ ಮರಳಿದಾಗ, ಸುಮಾರು 160 ಇನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಒಂಬತ್ತು) ಆದ ಮೇಲೆ ನಿಲ್ಲಿಸುತ್ತೇವೆಂದು ತಂಡದ ಜನರಲ್ ಮ್ಯಾನೇಜರ್ ಮೈಕ್ ರಿಜೊ ಪಟ್ಟು ಹಿಡಿದರು. ಆ ಋತುವಿನಲ್ಲಿ ಒಟ್ಟು 98 ಪಂದ್ಯ ಗೆದ್ದ ತಂಡ ಪ್ಲೇಆಫ್ (ಅಕ್ಟೋಬರ್‌ನ ನಾಕೌಟ್ ಹಂತ) ಹೊಸ್ತಿಲಲ್ಲಿದ್ದಾಗ, ಸೆಪ್ಟೆಂಬರ್‌ನಲ್ಲೇ, ಸ್ವತಃ ಸ್ಟ್ರಾಸ್‌ಬರ್ಗ್ ಅಸಮಾಧಾನಗೊಂಡಿದ್ದರೂ ಅವರನ್ನು ನಿಲ್ಲಿಸಲಾಯಿತು. ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧದ ಐದನೆಯ, ನಿರ್ಣಾಯಕ ಪಂದ್ಯದಲ್ಲಿ ವಾಷಿಂಗ್ಟನ್ 6-0 ಮುನ್ನಡೆ ಪಡೆದೂ 9-7ರಿಂದ ಸೋತಿತು. ಅವರಿದ್ದಿದ್ದರೆ ಗೆಲ್ಲುತ್ತಿತ್ತೆಂಬ ವಾದ ಇಂದಿಗೂ ನಿಂತಿಲ್ಲ.

ಆ ವರ್ಷವೇ ಅಟ್ಲಾಂಟಾ ಬ್ರೇವ್ಸ್ ತಂಡದಲ್ಲಿ ಅದೇ ಶಸ್ತ್ರಚಿಕಿತ್ಸೆ ಮುಗಿಸಿ ಬಂದಿದ್ದ ಕ್ರಿಸ್ ಮೆಡ್‌ಲನ್ ಇದ್ದರು. ಬ್ರೇವ್ಸ್ ಅವರನ್ನು ಋತುವಿನ ಮೊದಲಾರ್ಧದಲ್ಲಿ ಪಂದ್ಯದ ನಡುವೆ ಬಂದು ಸ್ವಲ್ಪ ಹೊತ್ತು ಎಸೆಯುವ ಸಹಾಯಕ ಪಿಚರ್ ಆಗಿಟ್ಟು, ಜುಲೈ ಕೊನೆಯಿಂದ ಮಾತ್ರ ಪಂದ್ಯ ಆರಂಭಿಸಲು ಕಳಿಸಿತು. ಲೀಗ್ ಹಂತದಲ್ಲಿ ಅವರು ಆರಂಭಿಸಿದ 12 ಪಂದ್ಯಗಳನ್ನೂ ತಂಡ ಗೆದ್ದಿತು, ಒಟ್ಟು ಇನಿಂಗ್ಸ್ 138ರಲ್ಲೇ ನಿಂತಿತು, ಅಕ್ಟೋಬರ್‌ನಲ್ಲಿ ಎಸೆಯಲು ಅವರ ತೋಳಿನಲ್ಲಿ ಇನ್ನೂ ಬಲ ಉಳಿದಿತ್ತು.

ನನ್ನ ಅಭಿಪ್ರಾಯ ಇಷ್ಟೇ: ಸ್ಟ್ರಾಸ್‌ಬರ್ಗ್ ಅವರನ್ನು ನಿಲ್ಲಿಸಿದ್ದು ತಪ್ಪಲ್ಲ. ಮಿತಿ ಮೊದಲೇ ಗೊತ್ತಿದ್ದೂ ಏಪ್ರಿಲ್‌ನಿಂದಲೇ ಅದನ್ನು ಖರ್ಚು ಮಾಡುತ್ತ ಹೋಗಿ, ಬೇಕಾದ ತಿಂಗಳಿಗೆ ಏನೂ ಉಳಿಸಿಕೊಳ್ಳದಿದ್ದದ್ದು ತಪ್ಪು. ಮುಂದೆ ಸ್ಟ್ರಾಸ್‌ಬರ್ಗ್ 2019ರ ವರ್ಲ್ಡ್ ಸೀರೀಸ್‌ನ (ಬೇಸ್‌ಬಾಲ್ ಲೀಗಿನ ಅಂತಿಮ ಸರಣಿ) ಶ್ರೇಷ್ಠ ಆಟಗಾರರಾದರು, ಮೆಡ್‌ಲನ್ ಅವರಿಗೆ 2014ರಲ್ಲಿ ಎರಡನೆಯ ಬಾರಿ ಅದೇ ಶಸ್ತ್ರಚಿಕಿತ್ಸೆ ಬೇಕಾಯಿತು. ಇದರಿಂದ ಒಂದು ದಾರಿ ಸರಿ, ಇನ್ನೊಂದು ತಪ್ಪು ಎಂದು ಸಾಧಿಸಲಾಗದು, ಸ್ಟ್ರಾಸ್‌ಬರ್ಗ್ ಅವರ ಆಟವನ್ನೂ ಕೊನೆಗೆ ಗಾಯಗಳೇ ಮುಗಿಸಿದವು. ಆದರೆ ಕ್ಯಾಲೆಂಡರನ್ನು ಕೊನೆಯಿಂದ ಹಿಂದಕ್ಕೆ ಓದಬೇಕೆಂಬ ಪಾಠ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಹುಡುಗನಿಗೆ ವಲಯ ತಂಡದ ಆಯ್ಕೆ ಮುಖ್ಯವೋ, ಲೀಗಿನ ಕೊನೆಯ ಪಂದ್ಯಗಳು ಮುಖ್ಯವೋ ಎಂಬುದನ್ನು ಈಗಲೇ ತೀರ್ಮಾನಿಸಿ, ಮೊದಲ ಎರಡು ಪಂದ್ಯಗಳಲ್ಲಿ ಅವನನ್ನು ಆಡಿಸದೇ ಇರುವುದಕ್ಕೂ ಸಿದ್ಧರಾಗಿ.

ಆಡಿಸುವ ದಿನ ಅವನಿಗೆ ಹೊಸ ಚೆಂಡು ಕೊಡಿ. ದುರ್ಬಲನಾಗಿದ್ದಾನೆಂದು ನಡುವಿನ ಓವರ್‌ಗಳಿಗೆ ಇಟ್ಟುಕೊಳ್ಳುವುದು ವಾಡಿಕೆ, ಅದನ್ನು ನಾನು ಒಪ್ಪುವುದಿಲ್ಲ. ಆರಂಭದಲ್ಲಾದರೆ ಯಾವ ಹೊತ್ತಿಗೆ ಬೌಲಿಂಗ್ ಎಂಬುದು ಅವನಿಗೆ ಖಚಿತವಾಗಿ ಗೊತ್ತಿರುತ್ತದೆ, ಮೈ ಬಿಸಿಯಾಗಿರುತ್ತದೆ, ನಾಲ್ಕು ಓವರ್ ಮುಗಿಸಿ ಅಂದಿನ ಕೆಲಸ ಮುಗಿಯಿತೆಂದು ಹೇಳಬಹುದು. ಬೌಂಡರಿಯಲ್ಲಿ ಒಂದು ಗಂಟೆ ನಿಂತು ಮೈ ಆರಿದವನನ್ನು ಕರೆದು ಎರಡನೆಯ ಸ್ಪೆಲ್ ಹಾಕಿಸುವುದು ಎಲ್ಲಕ್ಕಿಂತ ಅಪಾಯ. ಫೀಲ್ಡಿಂಗ್‌ಗೆ ಮಿಡ್‌ಆನ್‌ನಲ್ಲಿ ನಿಲ್ಲಿಸಿ, ದೂರದಿಂದ ಚೆಂಡು ಎಸೆಯುವ ಶ್ರಮವೂ ಶ್ರಮವೇ. ಇದೆಲ್ಲ ಸಾಧ್ಯವಾಗಬೇಕಾದರೆ ಹನ್ನೊಂದರಲ್ಲಿ ಆರು ಜನ ಬೌಲರ್‌ಗಳಿರಬೇಕು. ಐದೇ ಬೌಲರ್ ಇಟ್ಟುಕೊಂಡ ನಾಯಕ ಎಷ್ಟೇ ಒಳ್ಳೆಯವನಾದರೂ ಒತ್ತಡ ಬಿದ್ದಾಗ ಮಾತು ತಪ್ಪುತ್ತಾನೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ ನಾನು ಸ್ಕೋರ್ ಬರೆಯುತ್ತಿದ್ದ ತಂಡವೊಂದರಲ್ಲಿ ಇಂಥದೇ ಹುಡುಗನಿಗೆ ಐದು ಓವರ್ ಎಂದು ನಾವೇ ಮಾತಾಡಿಕೊಂಡಿದ್ದೆವು. ಐದು ಮುಗಿದ ಮೇಲೆ ನಾಯಕ ಹತ್ತಿರ ಹೋಗಿ, "ಇನ್ನೊಂದು ಆಗುತ್ತೇನೋ?" ಎಂದ. "ಆಗುತ್ತಣ್ಣ" ಎಂದ ಹುಡುಗ. ಎಂಟನೆಯ ಓವರಿನ ಹೊತ್ತಿಗೆ ಅವನು ರನ್‌ಅಪ್‌ಗೆ ವಾಪಸ್ ನಡೆಯುವಾಗ ಎಡಗೈಯ ಹೆಬ್ಬೆರಳನ್ನು ಸೊಂಟದ ಹಿಂದಕ್ಕೆ ಒತ್ತಿಕೊಳ್ಳುತ್ತಿದ್ದುದು, ಚೆಂಡು ಬಿಟ್ಟ ಮೇಲೆ ಮುಂದಕ್ಕೆ ಓಡದೆ ಎರಡೇ ಹೆಜ್ಜೆಗೆ ನಿಂತುಬಿಡುತ್ತಿದ್ದುದು ನನಗೆ ಕಾಣುತ್ತಿತ್ತು, ಆದರೂ ಪುಸ್ತಕದಲ್ಲಿ ಚುಕ್ಕೆ ಇಡುತ್ತ ಕುಳಿತಿದ್ದೆ. ಪಂದ್ಯ ಗೆದ್ದೆವು. ಮುಂದಿನ ಎರಡು ವರ್ಷ ಅವನು ಬೌಲಿಂಗ್ ಮಾಡಲಾಗಲಿಲ್ಲ. ಹದಿನೇಳರ ಹುಡುಗ ಅಣ್ಣನಿಗೆ "ಆಗುವುದಿಲ್ಲ" ಎನ್ನುವುದಿಲ್ಲ, ಆದ್ದರಿಂದ ಆ ಪ್ರಶ್ನೆಯನ್ನೇ ಅವನಿಗೆ ಕೇಳಬಾರದು.

ನೀವು ನೋಡುತ್ತಿರಬೇಕಾದದ್ದು ವಿಕೆಟ್‌ಗಳನ್ನಲ್ಲ, ಆ ಹೆಬ್ಬೆರಳನ್ನು, ಆ ಎರಡು ಹೆಜ್ಜೆಯನ್ನು. ಮರುದಿನ ಬೆಳಿಗ್ಗೆ ಅವನು ಒಂಟಿ ಕಾಲಿನಲ್ಲಿ ನಿಂತು ನಿಧಾನವಾಗಿ ಹಿಂದಕ್ಕೆ ಬಾಗಿದಾಗ ಒಂದು ಬದಿಯಲ್ಲಷ್ಟೇ ನೋವು ಬಂದರೆ ಬೌಲಿಂಗ್ ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಿರಿ. ಈ ಪರೀಕ್ಷೆಯಲ್ಲಿ ನೋವು ಬಾರದಿದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆಯೆಂದು ಅರ್ಥವಲ್ಲ.

ಕಾಯುವುದರಿಂದ ಹುಡುಗನ ಕಾಲ ಮೀರಿಹೋಗುತ್ತದೆಂದು ಮನೆಯವರು ಹೆದರುತ್ತಾರೆ. ಆಸ್ಟ್ರೇಲಿಯದ ಪ್ಯಾಟ್ ಕಮಿನ್ಸ್ 2011ರ ನವೆಂಬರ್‌ನಲ್ಲಿ, 18ನೆಯ ವಯಸ್ಸಿನಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿ ಒಂದು ಇನಿಂಗ್ಸ್‌ನಲ್ಲಿ ಆರು ವಿಕೆಟ್ ಪಡೆದರು. ಬೆನ್ನಿನ ಬಿರುಕುಗಳ ಕಾರಣ ಎರಡನೆಯ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ನಮ್ಮ ರಾಂಚಿಯಲ್ಲಿ. ಐದು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್‌ನಿಂದ ಹೊರಗಿದ್ದವರು ಮುಂದೆ ಆ ದೇಶದ ಟೆಸ್ಟ್ ತಂಡದ ನಾಯಕರಾದರು. ನಮ್ಮ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದರು. ಇನ್ನು ನಮ್ಮ ದಾವಣಗೆರೆಯವರೇ ಆದ ಆರ್. ವಿನಯ್ ಕುಮಾರ್ ಪ್ರಥಮ ದರ್ಜೆಯಲ್ಲಿ ಐನೂರಕ್ಕೂ ಹೆಚ್ಚು ವಿಕೆಟ್ ಗಳಿಸಿ, ನಾಯಕರಾಗಿ ಕರ್ನಾಟಕಕ್ಕೆ ಎರಡು ಬಾರಿ ಸತತವಾಗಿ ರಣಜಿ ಟ್ರೋಫಿ ತಂದದ್ದು ಉರಿ ವೇಗದಿಂದಲ್ಲ, ಒಂದೇ ಜಾಗದಲ್ಲಿ ಚೆಂಡು ಬೀಳಿಸುವ ಹಿಡಿತದಿಂದ. ಅರ್ಧ ವೇಗದ ಆ ಮೊದಲ ವಾರಗಳಲ್ಲಿ ನಿಮ್ಮ ಹುಡುಗ ಕಲಿಯಬಹುದಾದದ್ದೂ ಅದನ್ನೇ.

ಇನ್ನು ನಿಮ್ಮ ಫೈನಲ್. ಅಲ್ಲಿಗೆ ತಲುಪಿದರೆ ಹಿಂದಿನ ಸಂಜೆ ನೋಟ್‌ಬುಕ್ಕು ತೆರೆದು ನಾಲ್ಕು ವಾರದ ಲೆಕ್ಕ ನೋಡಿ. ಅದು 36 ಎಸೆತ ಎಂದು ಹೇಳಿದರೆ ಆರು ಓವರ್, 24 ಎಂದರೆ ನಾಲ್ಕು. ಆ ಸಂಖ್ಯೆಯನ್ನು ಆಗಲೇ ಹುಡುಗನಿಗೂ ಅವನ ತಂದೆಗೂ ನಾಯಕನಿಗೂ ಒಟ್ಟಿಗೆ ಕೂರಿಸಿ ಹೇಳಿ. ಮರುದಿನ ನೋಟ್‌ಬುಕ್ಕು ಆಡುವವರಾರ ಕೈಯಲ್ಲೂ ಇರದೆ ನಿಮ್ಮ ಕೈಯಲ್ಲೇ ಇರಲಿ, ಸಂಖ್ಯೆ ಮುಗಿದ ಕೂಡಲೇ ಬೌಂಡರಿ ಗೆರೆಯಿಂದ ನಾಯಕನಿಗೆ ನೀವೇ ಕೈ ಎತ್ತಿ ತಿಳಿಸಿ.