ಒಂದು ಮ್ಯಾಚ್ ಎರಡಾದಾಗ

ವ್ಯಕ್ತಿ, ವಸ್ತುಗಳನ್ನು ನೋಡ್‌ಗಳಾಗಿಯೂ ಅವುಗಳ ನಡುವಿನ ನಂಟನ್ನು ಸಂಬಂಧಗಳಾಗಿಯೂ ಇಡುವ ಗ್ರಾಫ್ ಡೇಟಾಬೇಸಿನಲ್ಲಿ, ನಾಲ್ಕೈದು ಸಂಬಂಧಗಳನ್ನು ದಾಟಿ ಮಾಹಿತಿ ಹುಡುಕುವ ಕ್ವೆರಿ ಸಾಮಾನ್ಯವಾಗಿ ಒಂದೇ ಉದ್ದನೆಯ ಸಾಲಾಗಿ ಬೆಳೆದಿರುತ್ತದೆ. ನಡುವಿನ ನೋಡ್‌ಗಳಿಗೆ ಹೆಸರೇ ಇರುವುದಿಲ್ಲ, ಇದ್ದರೂ ಎನ್1, ಎನ್2 ಎಂದಷ್ಟೇ ಇರುತ್ತದೆ. ಇಂಥ ಕೋಡನ್ನು ತಿದ್ದುವಾಗ ನಾನು ಮೊದಲು ಕೈಹಾಕುವುದು ಹೆಸರುಗಳಿಗೆ. ಎನ್2 ಎಂಬುದು 'ಗೆಳೆಯ' ಎಂದಾದರೆ ಅದರ ಪಕ್ಕದ ಟಿಪ್ಪಣಿ ಬೇಕಾಗುವುದಿಲ್ಲ, ಫಲಿತಾಂಶವೂ ಕೆಡುವುದಿಲ್ಲ.

ಸಾಲನ್ನು ಒಡೆಯುವ ಕೆಲಸಕ್ಕೆ ಈ ನಿಶ್ಚಿಂತೆ ಇಲ್ಲ. ನಿಯೋ4ಜೆ ಎಂಬ ಗ್ರಾಫ್ ಡೇಟಾಬೇಸ್ ಬಳಸುವ ಸೈಫರ್ ಭಾಷೆಯಲ್ಲಿ, ಹುಡುಕಬೇಕಾದ ಮಾದರಿಯನ್ನು ಬರೆಯುವ ಭಾಗಕ್ಕೆ ಮ್ಯಾಚ್ ಎನ್ನುತ್ತಾರೆ. ಒಂದು ಮ್ಯಾಚ್‌ನೊಳಗೆ ಅದೇ ಸಂಬಂಧವನ್ನು ಎರಡು ಬಾರಿ ದಾಟುವಂತಿಲ್ಲ ಎಂಬ ನಿಯಮವಿದೆ; ಆದರೆ ಆ ನಿಯಮದ ವ್ಯಾಪ್ತಿ ಆ ಒಂದು ಮ್ಯಾಚ್‌ಗೆ ಮಾತ್ರ. ಗೆಳೆಯರ ಗೆಳೆಯರನ್ನು ಸೂಚಿಸುವ ಕ್ವೆರಿಯೊಂದನ್ನು, ಓದಲು ಸುಲಭವಾಗಲೆಂದು, ಹಿಂದೊಮ್ಮೆ ನಾನು ಎರಡು ಮ್ಯಾಚ್‌ಗಳಾಗಿ ಬರೆದೆ. ಕೋಡ್ ನೋಡಲು ಅಚ್ಚುಕಟ್ಟಾಗಿತ್ತು. ಬಳಕೆದಾರರಿಗೆ ಮಾತ್ರ ಸೂಚನೆಗಳ ಪಟ್ಟಿಯಲ್ಲಿ ಅವರದೇ ಹೆಸರು ಕಾಣಿಸತೊಡಗಿತು, ಏಕೆಂದರೆ ಮೊದಲ ಮ್ಯಾಚ್ ದಾಟಿ ಬಂದ ಸಂಬಂಧವನ್ನೇ ಎರಡನೆಯದು ಹಿಮ್ಮುಖವಾಗಿ ದಾಟಿ ಹೊರಟ ನೋಡ್‌ಗೇ ಮರಳುತ್ತಿತ್ತು. ಸಾಲು ಒಡೆಯಲೇಬೇಕಿದ್ದರೆ, ಒಂದೇ ಮ್ಯಾಚ್‌ನೊಳಗೆ ಅಲ್ಪವಿರಾಮ ಹಾಕಿ ಮಾದರಿಯನ್ನು ಎರಡು ಸಾಲುಗಳಲ್ಲಿ ಬರೆಯಬಹುದು. ನಿಯಮ ಆಗಲೂ ಉಳಿಯುತ್ತದೆ.

ಎಷ್ಟು ಹೆಜ್ಜೆ ಎಂಬುದು ಮೊದಲೇ ಗೊತ್ತಿಲ್ಲದ ದಾರಿಗಳದ್ದು ಬೇರೆಯೇ ತೊಡಕು. ಹಳೆಯ ನಕ್ಷತ್ರ ಚಿಹ್ನೆಯ ಬರವಣಿಗೆಯಲ್ಲಿ ನಡುವಿನ ನೋಡ್‌ಗಳ ಮೇಲಿನ ಷರತ್ತನ್ನು ದಾರಿಯ ಹೊರಗೆ, ಷರತ್ತುಗಳಿಗೆಂದೇ ಇರುವ ಕೆಳಗಿನ ವೇರ್ ಭಾಗದಲ್ಲಿ ಬರೆಯಬೇಕು. ಓದುವವರು ಕಣ್ಣನ್ನು ಮೇಲೆ ಕೆಳಗೆ ಓಡಿಸುತ್ತಿರಬೇಕಾಗುತ್ತದೆ. ನಿಯೋ4ಜೆ 5.9ರಿಂದ ಲಭ್ಯವಿರುವ, ಆವರಣ ಚಿಹ್ನೆಯ ನಂತರ 1ರಿಂದ 4 ಎಂಬಂತೆ ಮಿತಿ ಬರೆಯುವ ರೂಪದಲ್ಲಿ ಪ್ರತಿ ಹೆಜ್ಜೆಯ ಷರತ್ತನ್ನು ಆ ಹೆಜ್ಜೆಯೊಳಗೇ ಇಡಬಹುದು. 2024ರಲ್ಲಿ ಪ್ರಕಟವಾದ ಗ್ರಾಫ್ ಕ್ವೆರಿ ಭಾಷೆಯ ಐಎಸ್ಒ ಮಾನಕ ಜಿಕ್ಯೂಎಲ್‌ನಲ್ಲೂ ಇಂಥದೇ ರೂಪವಿದೆ. ಗರಿಷ್ಠ ಮಿತಿಯನ್ನು ಬಿಟ್ಟುಬಿಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಡೇಟಾ ಬೆಳೆದಂತೆ ದಾರಿಗಳ ಸಂಖ್ಯೆ ಸ್ಫೋಟಿಸುತ್ತದೆ.

ತಿದ್ದುವ ಮುನ್ನ ಅ, ಬ, ಕ ಎಂಬ ಮೂವರು ಪರಸ್ಪರ ಗೆಳೆಯರಾಗಿರುವ ಪುಟ್ಟ ಗ್ರಾಫ್ ಮಾಡಿಕೊಳ್ಳುತ್ತೇನೆ. ಅ ಇಂದ ಎರಡು ಹೆಜ್ಜೆ ಹೋದರೆ ಒಂದೇ ಮ್ಯಾಚ್ 2 ದಾರಿ ಕೊಡುತ್ತದೆ, ಒಡೆದ ಕ್ವೆರಿ 4 ಕೊಡುತ್ತದೆ. ದಾರಿಗಳನ್ನೇ ಎಣಿಸಬೇಕು: ಒಂದೇ ಉತ್ತರ ಮತ್ತೆ ಬಾರದಂತೆ ಡಿಸ್ಟಿಂಕ್ಟ್ ಹಾಕಿ, ಅ ಯನ್ನು ಫಿಲ್ಟರ್ ಬಳಸಿ ತೆಗೆದುಹಾಕಿದರೆ ಎರಡೂ ಕ್ವೆರಿಗಳು ಬ, ಕ ಎಂದೇ ಉತ್ತರಿಸುತ್ತವೆ, ತಪ್ಪು ಮುಚ್ಚಿಹೋಗಿ ಟೆಸ್ಟ್ ಪಾಸಾಗುತ್ತದೆ.