ತಗಡಿನ ಕಟ್ಟಡಕ್ಕೆ ಇನ್ಸುಲೇಷನ್: ದಪ್ಪಕ್ಕಿಂತ ಮೊದಲು ತೇವದ ಲೆಕ್ಕ

ಮರದ ಕಂಬಗಳನ್ನು ನೆಲದಲ್ಲಿ ಹೂತು, ಅವುಗಳಿಗೆ ಅಡ್ಡಪಟ್ಟಿ ಹೊಡೆದು, ಹೊರಗಿನಿಂದ ಲೋಹದ ಶೀಟು ಬಿಗಿದ ಕಟ್ಟಡಗಳ ಮಾಲೀಕರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಎಷ್ಟು ಇಂಚಿನ ಇನ್ಸುಲೇಷನ್ (ಶಾಖ ತಡೆಯುವ ಪದರ) ಹಾಕಿಸಬೇಕು ಎಂಬುದು. ಅದಕ್ಕೆ ಉತ್ತರಿಸುವ ಮುನ್ನ ಒಳಗೆ ಯಾವ ಕೆಲಸ ನಡೆಯುತ್ತದೆ, ಹೀಟರ್ ಅಥವಾ ಎ.ಸಿ. ಇರುತ್ತದೆಯೇ, ನೆಲದ ಕಾಂಕ್ರೀಟಿನ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಲಾಗಿದೆಯೇ ಎಂದು ನಾನು ವಿಚಾರಿಸುತ್ತೇನೆ. ಏಕೆಂದರೆ ಇಂಥ ಕಟ್ಟಡಗಳನ್ನು ಶಾಖಕ್ಕಿಂತ ಹೆಚ್ಚಾಗಿ ಹಾಳು ಮಾಡುವುದು ತೇವ.

ಚಾವಣಿ ಸೋರುತ್ತಿದೆ ಎಂಬ ದೂರಿನ ಮೇಲೆ ಒಮ್ಮೆ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ವಾರದಿಂದ ಮಳೆಯಾಗಿರಲಿಲ್ಲ. ಆದರೂ ಬೆಳಗಿನ ಹೊತ್ತಿನಲ್ಲಿ ಶೀಟಿನ ಕೆಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು. ಒಳಗೆ ಇಣುಕಿದ ಸ್ಕ್ರೂಗಳ ತುದಿಯಲ್ಲಿ ಒಂದೊಂದು ಹನಿ, ಅದರ ಸುತ್ತ ತುಕ್ಕಿನ ಉಂಗುರ. ಗೋಡೆಯ ಒಳಹಲಗೆ ಬಿಚ್ಚಿಸಿದಾಗ ಗ್ಲಾಸ್‌ವೂಲ್, ಅಂದರೆ ಗಾಜಿನ ನಾರಿನ ಹೊದಿಕೆ, ಮೇಲ್ಭಾಗದಲ್ಲಿ ಒಣಗಿಯೇ ಇತ್ತು, ಬುಡದಲ್ಲಿ ಮಾತ್ರ ಒದ್ದೆಯಾಗಿ ಕುಸಿದಿತ್ತು, ಹಿಂಡಿದರೆ ನೀರಿಳಿಯಿತು. ಶೀಟಿನಲ್ಲಿ ಒಂದು ತೂತೂ ಇರಲಿಲ್ಲ. ಆ ನೀರೆಲ್ಲ ಒಳಗಿನ ಗಾಳಿಯದು.

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಶೇ. 50ರಷ್ಟು ಆರ್ದ್ರತೆಯ ಗಾಳಿಯು ಸುಮಾರು 9 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈಗೆ ತಾಗಿದರೂ ಅಲ್ಲಿ ಅದರ ಆವಿ ನೀರಾಗುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಚಾವಣಿಯ ತಗಡು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಹೊರಗಿನ ಗಾಳಿಗಿಂತಲೂ ತಣ್ಣಗಾಗುವುದರಿಂದ, ಕೊರೆಯುವ ಚಳಿ ಇಲ್ಲದಿದ್ದರೂ ಇದು ನಡೆಯುತ್ತದೆ. ಗ್ಲಾಸ್‌ವೂಲ್ ಶಾಖವನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನಾಗಲಿ ನೀರಾವಿಯನ್ನಾಗಲಿ ತಡೆಯುವುದಿಲ್ಲ. ಆದ್ದರಿಂದ ಅದನ್ನು ಬಳಸುವವರು ಬೆಚ್ಚಗಿನ ಬದಿಗೆ ಆವಿತಡೆ ಹಾಳೆಯನ್ನು ಹಾಕಿಸಿ, ಅದರ ಪ್ರತಿಯೊಂದು ಜೋಡಣೆಗೂ ಟೇಪ್ ಹಚ್ಚಿಸಲೇಬೇಕು. ಚಳಿಗಾಲದಲ್ಲಿ ಒಳಗನ್ನು ಬೆಚ್ಚಗಿಡುವ ಕಡೆ ಆ ಬದಿ ಒಳಗಿನದು. ವರ್ಷವಿಡೀ ಸೆಕೆಯಿದ್ದು ಎ.ಸಿ. ಓಡುವ ಕಡೆ ಅದೇ ಹೊರಗಿನದಾಗುತ್ತದೆ. ಇದನ್ನು ತಿರುಗುಮುರುಗು ಮಾಡಿದ ಗೋಡೆ ತೇವವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನು ವಸ್ತುಗಳ ವಿಚಾರ. ಶಾಖವನ್ನು ತಡೆಯುವ ಶಕ್ತಿಯನ್ನು ಸೂಚಿಸುವ ಆರ್-ಮೌಲ್ಯ ಗ್ಲಾಸ್‌ವೂಲಿನಲ್ಲಿ ಇಂಚಿಗೆ 3ಕ್ಕಿಂತ ತುಸು ಹೆಚ್ಚು, ಥರ್ಮೋಕೋಲ್ ಹಲಗೆಯಲ್ಲಿ ಸುಮಾರು 4, ಸಿಂಪಡಿಸಿದ ಮೇಲೆ ಉಬ್ಬಿ ಗಟ್ಟಿಯಾಗುವ, ಮುಚ್ಚಿದ ಕೋಶಗಳ ಸ್ಪ್ರೇ ಫೋಮಿನಲ್ಲಿ 6ರಿಂದ 7. ಆದರೆ ಈ ಅಂಕಿಗಳು ಪೂರ್ತಿ ದಪ್ಪ ಉಳಿದಾಗ ಮಾತ್ರ ನಿಜ. ಪರ್ಲಿನ್ (ಚಾವಣಿಯ ಶೀಟನ್ನು ಹೊರುವ ಅಡ್ಡಪಟ್ಟಿ) ಮತ್ತು ಶೀಟಿನ ನಡುವೆ ಗ್ಲಾಸ್‌ವೂಲ್ ಹೊದಿಕೆಯನ್ನು ಹಾಸಿ ಸ್ಕ್ರೂ ಬಿಗಿದಾಗ, ಪ್ರತಿ ಪರ್ಲಿನ್ನಿನ ಮೇಲೂ ಅದು ಹಪ್ಪಳದಂತೆ ಚಪ್ಪಟೆಯಾಗಿ, ಲೆಕ್ಕದಲ್ಲಿದ್ದ ತಡೆ ಅಲ್ಲಿ ಇಲ್ಲವಾಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹಾಳೆ ಹಚ್ಚಿದ ತೆಳುವಾದ ಬಬಲ್ ಶೀಟನ್ನು ಮಾರುವವರು ಹೇಳುವ ಭಾರಿ ಆರ್-ಮೌಲ್ಯವನ್ನು ನಂಬಬಾರದು. ಬಿಸಿಲಿನ ಧಗೆಯನ್ನು ಅದು ಚೆನ್ನಾಗಿಯೇ ಹಿಮ್ಮೆಟ್ಟಿಸುತ್ತದೆ, ಆದರೆ ಹೊಳೆಯುವ ಮೈಯ ಎದುರು ಗಾಳಿಯ ಜಾಗ ಇರಬೇಕು; ತಗಡಿಗೆ ಅಂಟಿಸಿಬಿಟ್ಟರೆ ಆ ಗುಣ ಇಲ್ಲವಾಗುತ್ತದೆ.

ಹಣ ಹೊಂದಿಸಬಲ್ಲವರಿಗೆ, ವರ್ಷವಿಡೀ ಬಳಸುವ ಕಟ್ಟಡಕ್ಕಾಗಿ, ನಾನು ಸೂಚಿಸುವುದು ಮುಚ್ಚಿದ ಕೋಶಗಳ ಸ್ಪ್ರೇ ಫೋಮನ್ನೇ. ಶಾಖ, ಗಾಳಿ, ಆವಿ ಮೂರನ್ನೂ ಅದೊಂದೇ ತಡೆಯುತ್ತದೆ ಮತ್ತು ತಣ್ಣನೆಯ ತಗಡಿಗೆ ಒಳಗಿನ ಗಾಳಿ ತಾಗದಂತೆ ಮುಚ್ಚಿಬಿಡುತ್ತದೆ. ಅದರ ಕಷ್ಟವನ್ನೂ ಮುಚ್ಚಿಡಲಾರೆ: ಜಖಂಗೊಂಡ ಒಂದು ಶೀಟನ್ನು ಬದಲಿಸಬೇಕೆಂದರೆ ಅದಕ್ಕೆ ಕಚ್ಚಿಕೊಂಡ ಫೋಮನ್ನೂ ಕಿತ್ತೇ ತೆಗೆಯಬೇಕಾಗುತ್ತದೆ. ಫೋಮ್ ಯಾವುದೇ ಇರಲಿ, ಥರ್ಮೋಕೋಲೇ ಇರಲಿ, ಬೆಂಕಿಗೆ ಸಿಕ್ಕರೆ ಉರಿಯುತ್ತದೆ. ಜನ ಕೆಲಸ ಮಾಡುವ ಜಾಗದಲ್ಲಿ ಅದನ್ನು ಜಿಪ್ಸಮ್ ಬೋರ್ಡಿನಂಥ ಹೊದಿಕೆಯಿಂದ ಮುಚ್ಚದೆ ಬಿಡುವುದಕ್ಕೆ ನಾನು ಎಂದೂ ಒಪ್ಪುವುದಿಲ್ಲ.

ಬರೀ ಟ್ರ್ಯಾಕ್ಟರ್, ಸಲಕರಣೆ ನಿಲ್ಲಿಸುವ, ಹೀಟರೂ ಎ.ಸಿ.ಯೂ ಇಲ್ಲದ ಶೆಡ್ಡಿಗೆ ಇಷ್ಟೆಲ್ಲ ಬೇಕಿಲ್ಲ. ಕಾರ್ಖಾನೆಯಲ್ಲೇ ಕೆಳಮೈಗೆ ನಾರಿನ ಪದರ ಅಂಟಿಸಿದ ಚಾವಣಿ ಶೀಟುಗಳನ್ನು ಹಾಕಿಸಿದರೆ ಸಾಕು. ಆ ಪದರ ರಾತ್ರಿಯ ಹನಿಯನ್ನು ಹೀರಿಟ್ಟುಕೊಂಡು ಹಗಲಿನಲ್ಲಿ ಗಾಳಿಗೆ ಬಿಟ್ಟುಕೊಡುತ್ತದೆ. ಆ ಗಾಳಿ ಹೊರಹೋಗಲು ಸೂರಂಚಿನಲ್ಲಿಯೂ ಮಾಡಿನ ನೆತ್ತಿಯಲ್ಲಿಯೂ ಕಿಂಡಿಗಳು ತೆರೆದಿರಬೇಕು.