‘ದುಗರ’ ಎಂದು ಓದಿದ ಹುಡುಗಿ: ಓದು ಕಲಿಸುವ ನಮಗೊಂದು ಟಿಪ್ಪಣಿ

ಶಿಕ್ಷಕ ತರಬೇತಿಯ ಬೋಧನಾಭ್ಯಾಸಕ್ಕೆಂದು ಚಿತ್ರದುರ್ಗದ ಹತ್ತಿರದ ಹಳ್ಳಿ ಶಾಲೆಗೆ ಹೋಗುತ್ತಿದ್ದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಬೆರಳಿಟ್ಟು ‘ಚಿತ್ರದುರ್ಗ’ ಓದುತ್ತಿದ್ದಳು. ‘ಚಿ’ ಸಲೀಸು. ‘ತ್ರ’ದಲ್ಲಿ ತಡವರಿಸಿ ದಾಟಿದಳು. ‘ದು’ ಆಯಿತು. ಮುಂದೆ ಬೆರಳು ನಿಂತೇಬಿಟ್ಟಿತು. “ದುಗ... ದುಗರ” ಎಂದು ನನ್ನ ಮುಖ ನೋಡಿದಳು. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಊರಿನ ಹೆಸರದು!

ಅವಳು ಕಣ್ಣಿಗೆ ಕಂಡಂತೆಯೇ ಓದಿದ್ದಳು. ಅರ್ಕಾವತ್ತನ್ನು, ಅಂದರೆ ‘ರ್ಗ’ದಲ್ಲಿರುವ ‘ರ್’ ಗುರುತನ್ನು, ಬರೆಯುವುದು ‘ಗ’ ಆದ ಮೇಲೆ, ಉಚ್ಚರಿಸುವುದು ‘ಗ’ಕ್ಕಿಂತ ಮೊದಲು. ‘ಮೊಳಕಾಲ್ಮೂರು’ ಇನ್ನೂ ಕಷ್ಟ: ‘ಲ್ಮೂ’ನಲ್ಲಿ ಕೊಂಬಿನ ಇಳಿ ಅಂಟಿರುವುದು ‘ಲ’ಕ್ಕೆ, ಆ ಸ್ವರ ಸೇರಬೇಕಾದದ್ದು ಕೆಳಗೆ ಒತ್ತಾಗಿ ಕೂತ ‘ಮ’ಕ್ಕೆ. ವರ್ಣಮಾಲೆಯಲ್ಲಿ ಅಕ್ಷರ 49 ಇರಬಹುದು. ಆದರೆ 34 ವ್ಯಂಜನಗಳ ಕಾಗುಣಿತ ಬರೆಯುತ್ತ ಹೋದರೆ 500 ದಾಟುತ್ತದೆ, ಒತ್ತಕ್ಷರಗಳು ಬೇರೆ. ಒಂದನೇ ತರಗತಿಯಲ್ಲಿ ‘ಅಕ್ಷರ ಮುಗಿಯಿತು’ ಎನ್ನುವ ಮಾತನ್ನು ನಾವು ಬಿಡಬೇಕು. ಮೂರು, ನಾಲ್ಕನೇ ತರಗತಿಯಲ್ಲೂ ಒತ್ತಕ್ಷರ ಕಲಿಸುವ ಕೆಲಸ ಇದ್ದೇ ಇರುತ್ತದೆ. ಅಲ್ಲಿ ತಡವರಿಸುವ ಮಗುವನ್ನು ದಡ್ಡ ಎನ್ನುವುದು ಅನ್ಯಾಯ.

ಇನ್ನು ಸಿದ್ಧಾಂತ. ಓದಿನ ಬಗ್ಗೆ ಸಂಶೋಧನೆ ಮಾಡಿದ ಗಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದ್ದು: ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಬರುತ್ತದೆ, ಆದರೆ ತರಗತಿಯಲ್ಲಿ ಇದನ್ನು ಗುರುತಿಸುವುದು ಮುಖ್ಯ. ನನ್ನ ಹುಡುಗಿಗೆ ಮಾತು ಗೊತ್ತು, ಅಕ್ಷರ ಬಿಡಿಸಲು ಬರುತ್ತಿಲ್ಲ. ಅದೇ ಬೆಂಚಿನಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವ ಹುಡುಗನಿದ್ದ. ಪಾಠವನ್ನು ಗಡಗಡ ಓದುತ್ತಿದ್ದ. “ಏನಾಯ್ತಪ್ಪ ಕಥೆಯಲ್ಲಿ?” ಎಂದರೆ ಮೌನ. ಇಬ್ಬರಿಗೂ “ಇನ್ನೊಂದು ಸಲ ಓದು” ಎನ್ನುವ ಒಂದೇ ಮದ್ದು ಕೊಟ್ಟರೆ ಹೇಗೆ? ಅವನಿಗೆ ಬೇಕಾದದ್ದು ಕನ್ನಡದ ಮಾತುಕತೆ, ಚಿತ್ರ ತೋರಿಸಿ ಹೇಳುವ ಕಥೆ, ‘ಇದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ’ ಎಂಬ ಪ್ರಶ್ನೆ. ಚಳ್ಳಕೆರೆ ಕಡೆ ತೆಲುಗು ಮನೆಮಾತಿನ ಮಕ್ಕಳು, ಪೇಟೆಯಲ್ಲಿ ಉರ್ದು ಮನೆಮಾತಿನವರು ಸಿಗುತ್ತಾರೆ. ಅವರಿಗೂ ಇದೇ ಮಾತು ಸಲ್ಲುತ್ತದೆ.

ಮಕ್ಕಳ ಓದು, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ ತಂದ ‘ನಿಪುಣ ಭಾರತ’ ಯೋಜನೆಯ ಗುರಿಯಂತೆ ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥವಾಗುವಂತೆ ಓದಬೇಕು. ಕನ್ನಡದಲ್ಲಿ ‘ಹೋಗಬೇಕಾಗಿತ್ತು’ ಕೂಡ ಒಂದೇ ಪದ ಎನ್ನುವುದನ್ನು ನೆನಪಿಟ್ಟುಕೊಂಡು ಎಣಿಸಿ. ವೇಗ ಬೇಕು, ಏಕೆಂದರೆ ಒಂದೊಂದೇ ಅಕ್ಷರಕ್ಕೆ ತಿಣುಕುವ ಮಗುವಿಗೆ ಸಾಲು ಮುಗಿಯುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ಆದರೆ ವಾಚು ಹಿಡಿದು ಹೆದರಿಸಿದರೆ ಮಗು ಪುಸ್ತಕವನ್ನೇ ಬಿಟ್ಟೀತು.

ಇನ್ನು ಓದುವ ಸಂತೋಷದ ವಿಷಯಕ್ಕೆ ಬರೋಣ. ‘ಮೊದಲು ಅಕ್ಷರ ಕಲಿಯಲಿ, ಕಥೆಪುಸ್ತಕ ಆಮೇಲೆ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆ ‘ಆಮೇಲೆ’ ಎಷ್ಟೋ ಮಕ್ಕಳಿಗೆ ಬರುವುದೇ ಇಲ್ಲ. ದಿನಾ ಹತ್ತು ನಿಮಿಷ ನಾವೇ ಗಟ್ಟಿಯಾಗಿ ಕಥೆ ಓದಬೇಕು. ಕರಡಿ ಗುಹೆಯೊಳಗೆ ಕಾಲಿಡುವಾಗ ನಿಲ್ಲಿಸಿ, “ಮುಂದೇನಾಗುತ್ತೆ ಹೇಳ್ರಿ” ಎಂದು ಕೇಳಿ. ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಹೋಗಿ. ವಾಪಸು ಬರುವಷ್ಟರಲ್ಲಿ ನಾಲ್ಕು ತಲೆ ಅದರ ಮೇಲೆ ಬಾಗಿರುತ್ತವೆ. ಶಾಲೆಯಲ್ಲಿ ಪುಸ್ತಕ ಬೀರುವಿನಲ್ಲಿ ಬೀಗದೊಳಗಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯಿರಿ, ಬೇಕಾದ್ದನ್ನು ಅವರೇ ಆರಿಸಲಿ.

ಆ ಹುಡುಗಿಗೆ ಅರ್ಕಾವತ್ತು ಬಂದದ್ದು ಬಸ್ಸಿನ ಬೋರ್ಡಿನಿಂದ. ಕರಿಹಲಗೆಯ ಮೇಲೆ ‘ದುರ್‌ಗ’ ಎಂದು ಬಿಡಿಸಿ ಬರೆದೆ, ಕೆಳಗೆ ‘ದುರ್ಗ’ ಬರೆದೆ. ಎರಡನ್ನೂ ಚಪ್ಪಾಳೆ ತಟ್ಟಿ ಹೇಳಿದೆವು. “ಊರಿಗೆ ಹೋಗುವಾಗ ಇಂಥದ್ದು ಎಲ್ಲೆಲ್ಲಿ ಕಾಣುತ್ತೆ ನೋಡ್ಕೊಂಡು ಬಾ” ಎಂದೆ. ಮರುದಿನ ಪ್ರಾರ್ಥನೆಗೆ ಮೊದಲೇ ಓಡಿಬಂದಳು. “ಮಿಸ್, ಹೊಸದುರ್ಗದಲ್ಲೂ ಐತೆ! ಮಾರ್ಗ ಅಂತ ಬರ್ದಿರ್ತಾರಲ್ಲ, ಅದ್ರಾಗೂ ಐತೆ!” ಗೋಡೆಗೆ ಒಂದು ಹಾಳೆ ಅಂಟಿಸಿದೆವು. ಸೂರ್ಯ, ಕರ್ಪೂರ, ವರ್ಷ ಎಂದು ಉಳಿದವರೂ ಸೇರಿಸತೊಡಗಿದರು. ವಾರ ಕಳೆಯುವಷ್ಟರಲ್ಲಿ ಎರಡನೇ ಹಾಳೆ ಅಂಟಿಸಬೇಕಾಯಿತು.